ಎರಡು ಬೆರಳು ತಗ್ಗಿದ ಭುಜಕ್ಕೊಂದು ಚರ್ಮದ ಜಾಕೆಟ್ಟು

ಎಮ್ಮೆ ಚರ್ಮ ಮೈಮೇಲೆ ಬೀಳುವುದೇ ಇಲ್ಲ, ನಿಲ್ಲುತ್ತದೆ. ಕುರಿ ಚರ್ಮ ಇಳಿದು ಮೈಗೆ ಅಂಟುತ್ತದೆ. ಆಡಿನದು ಇವೆರಡರ ನಡುವೆ ಎಲ್ಲೋ ಇದೆ. ಇಷ್ಟು ಕಲಿಯುವುದಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ಎಷ್ಟು ಸೂಜಿ ಮುರಿದೆನೋ, ಗಂಡನ ಜೊತೆ ಎಷ್ಟು ಜಗಳ ಆಡಿದೆನೋ, ಆ ಹೊರನಾಡಿನ ಅಮ್ಮನಿಗೇ ಗೊತ್ತು. ಕಳಸದ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲಿದುಕೊಂಡು ತೆಪ್ಪಗಿದ್ದವಳು ನಾನು. ಚರ್ಮದ ಉಸಾಬರಿ ನನಗೆ ಯಾಕೆ ಬೇಕಿತ್ತು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಜಂಬ ಎಂದರೂ ಸರಿ, ಹೇಳುತ್ತೇನೆ. ನಾನು ಹೊಲಿದ ರವಿಕೆಯ ತೋಳಿನ ಬುಡದಲ್ಲಿ ಒಂದು ಸುಕ್ಕು ತೋರಿಸಿ, ನೋಡೋಣ. ಯಾರ ಮೈಯೂ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ತಲೆಮೇಲೆ ಕೊಡ ಹೊತ್ತವರದ್ದು ಒಂದು ಥರ, ತೋಟದಲ್ಲಿ ಬಲಗೈಯಲ್ಲಿ ಕತ್ತಿ ಬೀಸಿದವರದ್ದು ಇನ್ನೊಂದು ಥರ. ಮೈ ಹೇಗಿದೆಯೋ ಹಾಗೆ ಕತ್ತರಿಸಬೇಕು ಎನ್ನುವುದು ನಾನು ಕಲಿತ ವಿದ್ಯೆ. ಬಟ್ಟೆ ಯಾವುದೇ ಬರಲಿ, ಮೊದಲು ಎಡಗೈ ಮುಷ್ಟಿ ಕಟ್ಟಿ, ಅದರ ಮೇಲೆ ಬಟ್ಟೆ ಹಾಕಿ, ಅದು ಹೇಗೆ ಇಳಿಯುತ್ತದೆ ಎಂದು ನೋಡುತ್ತೇನೆ. ಕ್ರೇಪ್ ಜಾರುತ್ತದೆ, ಗಂಜಿ ಹಾಕಿದ ಕಾಟನ್ ಅರಳಿಕೊಂಡು ನಿಲ್ಲುತ್ತದೆ. ಅಳತೆ ಟೇಪು ಹೇಳದ್ದನ್ನು ಮುಷ್ಟಿ ಹೇಳುತ್ತದೆ.

ನನ್ನ ಗಂಡ ಜೀಪು ಓಡಿಸುತ್ತಿದ್ದರು. ಬೆಟ್ಟದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಲು ಬರುವ ಊರೂರಿನ ಜನರನ್ನು ಆ ಕಲ್ಲು ದಾರಿಯಲ್ಲಿ ಕುಲುಕಾಡಿಸಿಕೊಂಡು ಹತ್ತಿಸಿ ಇಳಿಸುವುದು ಅವರ ಕೆಲಸ. ಒಂದು ಕಪ್ಪು ಎಮ್ಮೆ ಚರ್ಮದ ಜಾಕೆಟ್ಟು ಇತ್ತು. ಚಳಿ ಇರಲಿ ಬಿಡಲಿ, ಜೀಪು ಹತ್ತಬೇಕಾದರೆ ಅದು ಮೈಮೇಲೆ ಇರಲೇಬೇಕು. ಕಿಸೆಯಲ್ಲಿ ಬಾಚಣಿಗೆ, ಅಂಗಿಯ ಕಾಲರಿಗೆ ಇಸ್ತ್ರಿ. ಜೀಪ್ ಸ್ಟ್ಯಾಂಡಿನಲ್ಲಿ ಎಲ್ಲರೂ ಅವರನ್ನು ಜಾಕೆಟ್ಟಣ್ಣ ಎಂದೇ ಕರೆಯುತ್ತಿದ್ದರು. ನಾನು, "ಮದುಮಗ ಹೊರಟ್ರಾ?" ಎಂದು ರೇಗಿಸುತ್ತಿದ್ದೆ.

ಹೋದ ವರ್ಷದ ಮಳೆಯಲ್ಲಿ ಒಂದು ಎಸ್ಟೇಟಿನ ರಸ್ತೆಯಲ್ಲಿ ಜೀಪು ಮಗ್ಗುಲಾಯಿತು. ಜೀಪಿನಲ್ಲಿ ಬೇರೆ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಎಡಗಡೆ ಕತ್ತಿನ ಬುಡದಿಂದ ಭುಜಕ್ಕೆ ಹೋಗುವ ಮೂಳೆ ಮುರಿದಿತ್ತು. ಮೂಳೆಯೇನೋ ಕೂಡಿಕೊಂಡಿತು, ನರ ಸುಧಾರಿಸಲಿಲ್ಲ. ಭುಜ ಬಲಗಡೆಗಿಂತ ಎರಡು ಬೆರಳು ಕೆಳಗೆ ಇಳಿದು ಅಲ್ಲೇ ನಿಂತುಬಿಟ್ಟಿತು. ಎಡಗೈ ಗೇರು ತಳ್ಳಲಾರದೆ ಹೋಯಿತು. ಜೀಪನ್ನು ಬೇರೆ ಡ್ರೈವರ್ ಓಡಿಸತೊಡಗಿದರು. ಇವರು ಮನೆಯೊಳಗೆ ಕೂತರು.

ನಮ್ಮ ಮನೆಯ ಮುಂಭಾಗವೇ ನನ್ನ ಅಂಗಡಿ. ಅಲ್ಲಿಂದ ಸ್ಟ್ಯಾಂಡು ಕಾಣಿಸುತ್ತದೆ, ಕೂಗಿದರೆ ಕೇಳಿಸುತ್ತದೆ. ಆದರೂ ಈ ಮನುಷ್ಯ ಒಂದು ದಿನವೂ ಅತ್ತ ಕಾಲಿಡಲಿಲ್ಲ. ಅಲ್ಲಿನವರು ಮಾತಾಡಿಸಲು ಬಂದರೆ ಹಿತ್ತಲಿಗೆ ಹೋಗುವರು. "ಹೋಗಿ ಬರಬಾರ್ದಾ?" ಎಂದರೆ, "ಹೋಗಿ ಏನ್ ಮಾಡ್ಲಿ?" ಎಂದು ಅಷ್ಟಕ್ಕೇ ಬಾಯಿ ಮುಚ್ಚುವರು. ಅಷ್ಟು ಶೋಕಿಯ ಮನುಷ್ಯನಿಗೆ ಡೊಂಕು ಭುಜ ಹೊತ್ತು ನಾಲ್ಕು ಜನರ ಮುಂದೆ ನಿಲ್ಲಲು ನಾಚಿಕೆ ಎಂದು ನಾನು ತೀರ್ಮಾನ ಮಾಡಿದೆ. ಕೇಳಲಿಲ್ಲ. ಕೇಳುವುದೇನು, ನನಗೆ ಗೊತ್ತಿಲ್ಲದ್ದೇ?

ನಮ್ಮ ಸ್ಟ್ಯಾಂಡಿನಲ್ಲಿ ಪ್ರತಿ ವರ್ಷ ಆಯುಧಪೂಜೆಗೆ ಜೀಪುಗಳನ್ನೆಲ್ಲ ತೊಳೆದು ಸಾಲಾಗಿ ನಿಲ್ಲಿಸಿ, ಬಾಳೆಕಂದು ಕಟ್ಟಿ, ಪೂಜೆ ಆದಮೇಲೆ ಡ್ರೈವರುಗಳೆಲ್ಲ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹದಿನೆಂಟು ವರ್ಷದ ಫೋಟೋಗಳಲ್ಲಿ ಇವರಿದ್ದಾರೆ, ಹೋದ ವರ್ಷದ್ದರಲ್ಲಿ ಇಲ್ಲ. ಈ ವರ್ಷ ಇರಲೇಬೇಕು ಎಂದು ನಾನು ಹಟ ಹಿಡಿದೆ. ಈ ಸಲವೂ ತಪ್ಪಿಸಿಕೊಂಡರೆ ಆಮೇಲೆ ಈ ಮನುಷ್ಯ ಹೊಸಿಲು ದಾಟುವುದಿಲ್ಲ ಎಂಬ ಹೆದರಿಕೆ ನನ್ನನ್ನು ಹಿಡಿದುಕೊಂಡಿತ್ತು.

ಮೊದಲು ಹಳೆಯ ಜಾಕೆಟ್ಟನ್ನೇ ತೆಗೆದೆ. ಮಳೆಗಾಲಕ್ಕೆ ಬೂಸ್ಟು ಹಿಡಿದು ಬೆಳ್ಳಗಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ತೊಡಿಸಿದೆ. ಅಯ್ಯೋ ಕರ್ಮವೇ! ಬಲಗಡೆ ಸರಿಯಾಗಿ ಕೂತಿತು. ಎಡಗಡೆ ಭುಜ ಒಳಗೆ ಎಲ್ಲೋ ಕೆಳಗಿತ್ತು, ಜಾಕೆಟ್ಟಿನ ಭುಜ ಮಾತ್ರ ತನ್ನ ಹಳೆಯ ಜಾಗದಲ್ಲೇ ಸೆಟೆದು ನಿಂತಿತ್ತು. ನಡುವೆ ಬರೀ ಪೊಳ್ಳು. ಬೆರಳಿನಿಂದ ಒತ್ತಿದರೆ ತಗ್ಗಾಗಿ, ಬಿಟ್ಟರೆ ಟಪ್ಪೆಂದು ಮೇಲೆದ್ದಿತು. ಅದರ ಭಾರಕ್ಕೆ ಮುರಿದು ಕೂಡಿದ ಮೂಳೆ ನೊಂದು ಅವರು ಹಲ್ಲು ಕಚ್ಚಿದರು. ಇದು ಆಗುವ ಮಾತಲ್ಲ, ಹಗುರ ಚರ್ಮದಲ್ಲಿ ಅವರ ಅಳತೆಗೆ ನಾನೇ ಹೊಲಿಯುತ್ತೇನೆ ಎಂದೆ.

"ಜಾಕೆಟ್ಟಾ? ನೀನಾ?" ಎಂದರು.

"ಯಾಕೆ, ಜಾಕೆಟ್ಟು ಅಂದ್ರೆ ಏನು? ದೊಡ್ಡ ಬ್ಲೌಸು, ಅಷ್ಟೇ."

ಈ ಮಾತು ಆಡಿದ ಬಾಯಿಗೆ ಆಮೇಲೆ ನಾನೇ ಎಷ್ಟು ಸಲ ಹೊಡೆದುಕೊಂಡೆನೋ.

ಬಣಕಲ್ಲಿನಲ್ಲಿ ಹೆದ್ದಾರಿಯ ಪಕ್ಕ ಜೀಪು, ಬಸ್ಸುಗಳ ಸೀಟು ಹೊಲಿಯುವ ಒಬ್ಬ ಭಾಯಿ ಇದ್ದಾರೆ. ನಮ್ಮ ಜೀಪಿನ ಕುಶನ್ನೂ ಅವರದ್ದೇ ಕೆಲಸ. ಚಿಕ್ಕವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಚರ್ಮದ ಜಾಕೆಟ್ಟು ಹೊಲಿಯುವ ಕಡೆ ಕೆಲಸ ಮಾಡಿದ್ದರಂತೆ. ಬಸ್ಸು ಹತ್ತಿ ಹೋದೆ. ಚರ್ಮದ ತುಂಡುಗಳನ್ನು ಮೇಜಿನ ಮೇಲೆ ಹರಡಿದರು. ದನದ್ದು ಬೇಡ ಎಂದು ನಾನು ಬಾಯಿ ತೆರೆಯುವ ಮೊದಲೇ ಅದನ್ನು ತಾವೇ ಪಕ್ಕಕ್ಕೆ ಸರಿಸಿದರು. ಉಳಿದವನ್ನು ಒಂದೊಂದಾಗಿ ನನ್ನ ಮುಷ್ಟಿಯ ಮೇಲೆ ಹಾಕಿಕೊಂಡೆ. ಎಮ್ಮೆಯದು ಹಲಗೆ. ಆಡಿನದು ಬೆರಳ ಗಂಟುಗಳ ಮೇಲೆ ಸ್ವಲ್ಪ ತಡೆದು, ದೊಡ್ಡ ದೊಡ್ಡ ಮಡಿಕೆಯಾಗಿ ಇಳಿಯಿತು. ಅದರ ಮೇಲ್ಮೈಯಲ್ಲಿ ಸಣ್ಣ ರವೆಯಂಥ ಕಾಳು ಕಾಳು. ಕುರಿಯದು ಇದೆಯಲ್ಲ, ಅದನ್ನು ಹಾಕಿದ ಕೂಡಲೇ ಚರ್ಮವೇ ಮಾಯ! ಐದೂ ಬೆರಳಿನ ಉಬ್ಬು ತಗ್ಗು ಎಣಿಸಬಹುದು, ಅಷ್ಟು ನಯವಾಗಿ ಅಂಟಿಕೊಂಡಿತು. ನನಗೆ ರೇಷ್ಮೆ ಮುಟ್ಟಿದ ಹಾಗಾಯಿತು.

"ಇದೇ ಕೊಡಿ" ಎಂದೆ.

ಭಾಯಿ ತಲೆ ಆಡಿಸಿದರು. "ಬೇಡ ಅಕ್ಕಾ. ಕುರೀದು ಒಳಗೆ ಏನಿದ್ಯೋ ಅದನ್ನೇ ತೋರಿಸ್ತದೆ. ನೀವು ಹೇಳೋದು ನೋಡಿದ್ರೆ ಯಜಮಾನ್ರಿಗೆ ಆಡಿಂದು ಸರಿ. ಅದು ಬಗ್ಗತದೆ, ಆದ್ರೆ ತನ್ನ ಆಕಾರ ಬಿಡಲ್ಲ."

"ಬೀಳೋ ಚೆಂದ ಇದಕ್ಕೇ ಇರೋದು. ನಂಗೆ ಬಟ್ಟೆ ಗೊತ್ತಿಲ್ವಾ?"

"ಬಟ್ಟೆ ಗೊತ್ತು, ಸರಿ. ಇದು ತೊಗಲು. ಒಂದ್ಸಲ ತೂತು ಬಿದ್ರೆ ಬಿತ್ತು, ಮುಚ್ಕೊಳ್ಳಲ್ಲ. ನೆನಪಿರ್ಲಿ."

ಇಪ್ಪತ್ತೆರಡು ವರ್ಷ ಹೊಲಿದವಳಿಗೆ ಸೀಟು ಹೊಲಿಯುವವರು ಬುದ್ಧಿ ಹೇಳುವುದೇ ಎಂದು ನನಗೆ ಸಿಟ್ಟು. ಕುರಿಯದನ್ನೇ ಅಕ್ಕಿಚೀಲದಲ್ಲಿ ಸುತ್ತಿಸಿಕೊಂಡು, ಕೊಟ್ಟಿಗೆಹಾರದ ಮಂಜಿನಲ್ಲಿ ಬಸ್ಸು ನಿಂತಲ್ಲೆಲ್ಲ ಅದಕ್ಕೆ ಹನಿ ತಾಗದಂತೆ ಸೆರಗು ಹೊದಿಸಿಕೊಂಡು, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಅಳತೆ ತೆಗೆದುಕೊಂಡೆ. ಬಲಭುಜಕ್ಕೊಂದು ಲೆಕ್ಕ, ಎಡಭುಜಕ್ಕೊಂದು. ಅವರು ಮರದ ಹಾಗೆ ನಿಂತಿದ್ದರು, ನಾನು ಟೇಪು ಇಟ್ಟು ತೆಗೆದು, ಇಟ್ಟು ತೆಗೆದು ಬರೆದುಕೊಂಡೆ. ಮೈ ಹೇಗಿದೆಯೋ ಹಾಗೆ ಕತ್ತರಿಸಿದೆ. ರವಿಕೆಗೆ ಬಿಡುವ ಹಾಗೆ ಒಳಗಡೆ ಒಂದೂವರೆ ಇಂಚು ಹೆಚ್ಚಿಗೆ ಬಿಟ್ಟೆ. ಬಾಣಂತನ ಮುಗಿಸಿ ಬರುವ ಹೆಂಗಸರ ರವಿಕೆಯನ್ನು ಬಿಚ್ಚಿ ಸಡಿಲ ಮಾಡಿಕೊಡಬೇಕಲ್ಲ, ಅದಕ್ಕೆ ನಾವು ಒಳಗೆ ಬಟ್ಟೆ ಬಿಡದೆ ಹೊಲಿಯುವುದೇ ಇಲ್ಲ. ಕೈಗೆ ಕೂತ ಅಭ್ಯಾಸ.

ನನ್ನ ಮಿಷಿನ್ನು ಎರಡು ಪದರ ಚರ್ಮಕ್ಕೇ ಸೂಜಿ ಮುರಿಯಿತು. ಜಾರುತ್ತದೆ, ಎಳೆದರೆ ಹಿಗ್ಗುತ್ತದೆ, ಗುಂಡುಸೂಜಿ ಚುಚ್ಚುವ ಹಾಗಿಲ್ಲ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಹಿಡಿಸಬೇಕು. ಹೊರಗೆ ನಾಲ್ಕು ದಿನದಿಂದ ಬಿಡದ ಮಳೆ. ಒಳಗೆ ಗಿರಾಕಿಗಳ ಕಿರಿಕಿರಿ. "ಅಕ್ಕಾ, ನಂದು ಬ್ಲೌಸು?" "ನಾಳೆ." "ನಾಳೆ ಅಂತ ಹೇಳಿ ಹದಿನೈದು ದಿನ ಆಯ್ತಲ್ಲ ಮಾರಾಯ್ತಿ, ಗಂಡಂಗೆ ಜಾಕೆಟ್ಟು ಹೊಲೀತಾ ನಮ್ಮನ್ನ ಮರ್ತೇಬಿಟ್ಯಾ?" ಎಂದು ಒಬ್ಬಾಕೆ ಅರ್ಧ ಹೊಲಿದ ರವಿಕೆಯನ್ನೇ ಕಿತ್ತುಕೊಂಡು ಬೇರೆ ಟೈಲರ್ ಹತ್ತಿರ ಹೋದಳು. ಹೋಗಲಿ ಎಂದುಕೊಂಡೆ. ಬಸ್ಸು ಹತ್ತಿ ಬಣಕಲ್ಲಿಗೆ ಹೋಗಿ ಭಾಯಿಯ ದೊಡ್ಡ ಮಿಷಿನ್ನಿನಲ್ಲಿ ಹೊಲಿದು ಮುಗಿಸಿದೆ.

ತೊಡಿಸಿದೆ. ನಿಜಕ್ಕೂ ಚೆಂದ ಬಿದ್ದಿತ್ತು. ಬೆನ್ನಿನಲ್ಲಿ ಒಂದು ಸುಕ್ಕಿಲ್ಲ. ಸೊಂಟದ ಹತ್ತಿರ ನೀಟಾಗಿ ಇಳಿದಿತ್ತು. ಆದರೆ ಎಡಭುಜ! ಭಾಯಿ ಹೇಳಿದ ಹಾಗೇ ಆಗಿತ್ತು. ಮೂಳೆ ಕೂಡಿದ ಗಂಟು, ಅದರ ಕೆಳಗಿನ ಹಳ್ಳ, ಇಳಿದ ತೋಳು, ಒಂದನ್ನೂ ಬಿಡದೆ ಆ ಕುರಿ ಚರ್ಮ ತೋರಿಸುತ್ತಿತ್ತು. ಅಂಗಿಯಲ್ಲಿ ಇಷ್ಟು ಕಾಣುತ್ತಿರಲಿಲ್ಲ.

ಅವರು ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿ ನೋಡಿಕೊಂಡರು. ಬಲಗೈಯಿಂದ ಎದೆಯ ಮೇಲೆ ಸವರಿದರು. "ಚೆನ್ನಾಗಿದೆ ಕಣೇ. ಮೆತ್ತಗಿದೆ. ಭಾರಾನೂ ಇಲ್ಲ."

"ಏನ್ ಚೆನ್ನಾಗಿದೆ? ತೆಗೀರಿ."

"ಇರ್ಲಿ ಬಿಡೇ."

"ತೆಗೀರಿ ಅಂದೆ!"

ಎಡಭುಜದ ಒಳಗೆ ಪ್ಯಾಡು ಇಟ್ಟು ಎರಡು ಬೆರಳು ಎತ್ತರಿಸಿದರೆ ಆಯಿತು, ಒಳಗೆ ಹೇಗೂ ಒಂದೂವರೆ ಇಂಚು ಬಿಟ್ಟಿದ್ದೇನಲ್ಲ ಎಂದು ನನ್ನ ಧೈರ್ಯ. ಭುಜದ ಹೊಲಿಗೆಯನ್ನು ಸರಸರನೆ ಬಿಚ್ಚಿದೆ. ಸಾವಿರ ರವಿಕೆ ಬಿಚ್ಚಿದ ಕೈ. ಒಳಗಿನ ಚರ್ಮ ಹೊರಗೆ ಬಿಟ್ಟುಕೊಂಡು ಮೇಲಕ್ಕೆ ಕೈಯಲ್ಲೇ ಹೊಸ ಹೊಲಿಗೆ ಹಾಕಿ ನೋಡುತ್ತೇನೆ, ಹಳೆಯ ಹೊಲಿಗೆಯ ತೂತುಗಳು ಒಂದೊಂದೂ ಕಣ್ಣು ಬಿಟ್ಟುಕೊಂಡು ಭುಜದ ಮೇಲೆ ಸಾಲಾಗಿ ಕೂತಿದ್ದವು. ಬಟ್ಟೆಯಾಗಿದ್ದರೆ ನೀರು ಚಿಮುಕಿಸಿ ಇಸ್ತ್ರಿ ಎಳೆದರೆ ಮುಚ್ಚಿಹೋಗುತ್ತಿತ್ತು. ಉಗುರಿನಿಂದ ಉಜ್ಜಿದೆ, ಎಣ್ಣೆ ಹಚ್ಚಿದೆ. ಸಿಟ್ಟಿಗೆ ಒಂದು ಸಲ ಎಳೆದೆ ನೋಡಿ, ಬಸ್ ಟಿಕೆಟ್ ಹರಿಯುವ ಹಾಗೆ ಆ ಸಾಲಿನ ಗುಂಟ ಪರ್ರೆಂದು ಹರಿಯಿತು. ಕೆಲಸ ಕೆಟ್ಟು ಕೆರ ಹಿಡಿದು ಹೋಯಿತು.

"ಹಾಳಾದ ಚರ್ಮ! ಇದೂ ಒಂದು ಚರ್ಮವಾ?" ಎಂದು ಕತ್ತರಿಯನ್ನು ಎಸೆದೆ.

"ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ" ಎಂದರು ಒಳಗಿನಿಂದ. ನಗುತ್ತಿದ್ದರು. ಅಪಘಾತ ಆದಮೇಲೆ ಅವರು ನನ್ನನ್ನು ಹಂಗಿಸಿದ್ದು ಅದೇ ಮೊದಲು. ಅದಕ್ಕಾದರೂ ನನಗೆ ಖುಷಿಯಾಗಬೇಕಿತ್ತು. ಇಲ್ಲ, ಕೋಪಕ್ಕೆ ಆ ದಿನ ಅವರಿಗೆ ಕಾಫಿಯನ್ನೂ ಕೊಡಲಿಲ್ಲ.

ಮತ್ತೆ ಬಣಕಲ್ಲು. ಭಾಯಿ ಹರಿದ ಜಾಕೆಟ್ಟನ್ನು ತಿರುಗಿಸಿ ನೋಡಿದರು. ನಾನು ಹೇಳಿರಲಿಲ್ಲವೇ ಎಂದು ಕೇಳಲಿಲ್ಲ, ಅದು ಅವರ ದೊಡ್ಡತನ. ಆಡಿನ ಚರ್ಮ ತೆಗೆದುಕೊಟ್ಟರು. "ಈ ಸಲ ಕಾಟನ್ ಬಟ್ಟೇಲಿ ಒಂದು ಹೊಲಿದು, ಅವರಿಗೆ ಹಾಕಿ ನೋಡಿ, ಎಲ್ಲಾ ಸರಿ ಆದಮೇಲೇ ಇದನ್ನ ಮುಟ್ಟಿ ಅಕ್ಕಾ." ಈ ಸಲ ಬಾಯಿ ಮುಚ್ಚಿಕೊಂಡು ಕೇಳಿದೆ.

ಹಳೆಯ ಬೆಡ್‌ಶೀಟಿನಲ್ಲಿ ಹೊಲಿದು ಐದು ಸಲ ತೊಡಿಸಿ ಬಿಚ್ಚಿದೆ. "ನೆಟ್ಟಗೆ ನಿಲ್ಲಿ." "ಎಡಗಡೆ ಮೇಲೆತ್ತಿ." "ಎತ್ತೋಕೆ ಆಗಲ್ವೇ." "ಹಾಗಾದ್ರೆ ಬಲಗಡೆ ಇಳಿಸಿ." ಈಗ ನೆನೆದರೆ ಎಂಥ ಮಾತಾಡಿದೆನಪ್ಪಾ ಅನ್ನಿಸುತ್ತದೆ. ಆಗ ನನಗೆ ಸಾಲಾಗಿ ನಿಂತ ಜೀಪುಗಳೂ ಫೋಟೋವೂ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬಲಗಡೆಯ ಅಳತೆಯನ್ನೇ ಎಡಗಡೆಗೂ ಹಾಕಿ ಕತ್ತರಿಸಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ, ಮೈ ಇದ್ದ ಹಾಗೆ ಅಲ್ಲದೆ ಹೇಗಿರಬೇಕು ಅಂತಿದ್ದೆನೋ ಹಾಗೆ ಕತ್ತರಿಸಿದ್ದು. ಪೊಳ್ಳು ತುಂಬಲು ಎರಡು ಬೆರಳು ದಪ್ಪದ ಪ್ಯಾಡು ಮಾಡಿದೆ. ಹಬ್ಬದ ಹಿಂದಿನ ದಿನ ಪೂರ್ತಿ ಬಣಕಲ್ಲಿನಲ್ಲೇ ಕೂತು ಮುಗಿಸಿಕೊಂಡು ಬಂದೆ.

ಆಯುಧಪೂಜೆಯ ಬೆಳಿಗ್ಗೆ ನನ್ನ ಮಿಷಿನ್ನಿಗೆ ಕುಂಕುಮ ಇಟ್ಟು, ಹೂವು ಹಾಕಿ, ಅವರಿಗೆ ಜಾಕೆಟ್ಟು ತೊಡಿಸಿದೆ. ಆಡಿನ ಚರ್ಮ ತನ್ನ ಮಾತು ಉಳಿಸಿಕೊಂಡಿತ್ತು. ಭುಜದ ಹತ್ತಿರ ಗಟ್ಟಿಯಾಗಿ ನಿಂತು, ಎದೆಯ ಮೇಲೆ ಬಗ್ಗಿ, ಕೆಳಗೆ ಹಗುರವಾಗಿ ಇಳಿದಿತ್ತು. ಎರಡು ಭುಜವೂ ಒಂದೇ ಸಮ. ಕನ್ನಡಿಯಲ್ಲಿ ಹಳೆಯ ಜಾಕೆಟ್ಟಣ್ಣ ನಿಂತಿದ್ದರು. ನನಗೆ ಕಣ್ಣಲ್ಲಿ ನೀರು ಬಂತು. ಗೆದ್ದೆ ಎಂದುಕೊಂಡೆ.

ಅವರು ಕನ್ನಡಿ ನೋಡಲಿಲ್ಲ. ನನ್ನನ್ನು ನೋಡುತ್ತಿದ್ದರು. ನಾನು ಎಡಗಡೆ ಅಂಚನ್ನು ಎಳೆದೆ, ಕಾಲರ್ ಸರಿ ಮಾಡಿದೆ, ಮತ್ತೆ ಎಳೆದೆ.

"ಸಾಕು ಬಿಡೇ ಮಾರಾಯ್ತಿ."

"ಒಂದ್ನಿಮಿಷ ನಿಲ್ಲಿ ರೀ, ಪ್ಯಾಡು ಸ್ವಲ್ಪ ಹಿಂದೆ ಹೋಗಿದೆ."

"ನಿನ್ನೆ ನೀನಿಲ್ದಾಗ ಸ್ಟ್ಯಾಂಡಿನವ್ರು ಬಂದಿದ್ರು. ಈ ವರ್ಷ ಬೂದುಗುಂಬಳ ನೀವೇ ಒಡೀಬೇಕು ಅಂದ್ರು. ಆಯ್ತು ಅಂದೆ. ಅದಕ್ಕೆ ಬಲಗೈ ಸಾಕು."

"ಹಾಗಾದ್ರೆ ಇಷ್ಟು ದಿನ ಯಾಕೆ ಹೋಗ್ಲಿಲ್ಲ? ಭುಜ ಕಾಣತ್ತೆ ಅಂತ ತಾನೇ?"

"ಯಾರು ಹೇಳಿದ್ದು ನಿಂಗೆ? ಗೇರು ಹಾಕೋಕಾಗ್ದೆ ಇರೋನಿಗೆ ಅಲ್ಲಿ ಏನು ಕೆಲಸ ಅಂತ ಹೋಗ್ಲಿಲ್ಲ. ಈಗ ಒಂದು ಕೆಲಸ ಕೊಟ್ರು, ಹೋಗ್ತೀನಿ." ಬಲಗೈಯಿಂದ ಜಿಪ್ಪು ಇಳಿಸಿದರು. "ಈ ಭುಜ ನೋಡೋಕಾಗ್ದೆ ಇರೋದು ನಂಗಲ್ಲ ಕಣೇ, ನಿಂಗೆ. ಆ ಕುರೀದು ಚೆನ್ನಾಗಿತ್ತು. ನಾನಿದ್ದ ಹಾಗೇ ಇತ್ತು. ನೀನೇ ಬಿಚ್ಚಿ ಹಾಕ್ದೆ."

ಸಿಟ್ಟು ನೆತ್ತಿಗೇರಿತು. ನಾಲ್ಕು ತಿಂಗಳು! ಬಣಕಲ್ಲಿಗೆ ಎಷ್ಟು ಸಲ ಅಲೆದೆ, ಗಿರಾಕಿಗಳ ಕೈಯಲ್ಲಿ ಎಷ್ಟು ಅನ್ನಿಸಿಕೊಂಡೆ! ಯಾರಿಗೋಸ್ಕರ ಎಂದು ಕಿರುಚಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮೆತ್ತಗೆ ಕೇಳಿದರು, "ಆಸ್ಪತ್ರೆಯಿಂದ ಬಂದ್ಮೇಲೆ, ಟೇಪು ಹಿಡೀದೆ ಇಲ್ಲಿ ಒಂದ್ಸಲ ಆದ್ರೂ ಕೈ ಇಟ್ಟಿದ್ದೀಯಾ?"

ಜ್ಞಾಪಿಸಿಕೊಳ್ಳಲು ನೋಡಿದೆ. ಎಣ್ಣೆ ಹಚ್ಚುವಾಗ? ಅವರೇ ಹಚ್ಚಿಕೊಳ್ಳುತ್ತಿದ್ದರು. ಅಂಗಿ ತೊಡಿಸುವಾಗ? ತೋಳು ಹಿಡಿದು ಕೊಡುತ್ತಿದ್ದೆ, ಅಷ್ಟೇ. ಒಂದು ಸಲವೂ ಇಲ್ಲ.

ಅವರು ಜಾಕೆಟ್ಟನ್ನು ಕುರ್ಚಿಗೆ ಹಾಕಿದರು. ಬಿಳಿ ಅರ್ಧ ತೋಳಿನ ಅಂಗಿಯಲ್ಲಿ, ಇದ್ದ ಭುಜದಲ್ಲಿ, ಹಾಗೇ ನಿಂತರು. ಕುರ್ಚಿಯ ಮೇಲೆ ಆ ಆಡಿನ ಚರ್ಮದ ಎರಡು ಭುಜ ಮಾತ್ರ ಒಂದೇ ಸಮ ಇದ್ದವು. ಟೇಪು ನನ್ನ ಕೊರಳಲ್ಲೇ ನೇತಾಡುತ್ತಿತ್ತು. ತೆಗೆದು ಮಿಷಿನ್ನಿನ ಮೇಲಿಟ್ಟು ಕೈ ಚಾಚಿದೆ. ಕೈ ಹಳೆಯ ಅಭ್ಯಾಸದಲ್ಲಿ ಭುಜ ಮೊದಲು ಇದ್ದ ಕಡೆಗೇ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಒಂದು ಗಳಿಗೆ ಬಿಟ್ಟು ಎರಡು ಬೆರಳು ಕೆಳಗಿಳಿಸಿ ಇಟ್ಟೆ. ಬೆಚ್ಚಗಿತ್ತು.

ಸ್ಟ್ಯಾಂಡಿನಲ್ಲಿ ಜೀಪುಗಳು ಒಟ್ಟಿಗೆ ಹಾರನ್ ಹೊಡೆದವು. "ಕಾಯ್ತಿದಾರೆ, ಬಿಡೇ" ಎಂದರು.

ನಾನು ತಕ್ಷಣ ಬಿಡಲಿಲ್ಲ.